ಸರ್ವೆಯವರು ಬಂದರೆ ದಯವಿಟ್ಟು ಇದನ್ನು ನೆನಪಿಡಿ

ನಮ್ಮ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಎಲ್ಲರಿಗೂ ನಮಸ್ಕಾರ. ರಾಷ್ಟ್ರೀಯ ಅಂಕಿಅಂಶ ಕಚೇರಿಯ ಕಾರ್ಮಿಕ ಸರ್ವೆಯವರು ಮನೆಗೆ ಬಂದರೆ ಬಾಗಿಲಲ್ಲೇ ಕಳಿಸಬೇಡಿ. ಗುರುತಿನ ಚೀಟಿ ನೋಡಿ, ಕೂರಿಸಿ ಮಾತಾಡಿ.

ಕಳೆದ 7 ದಿನ ಮನೆಯಲ್ಲಿ ಯಾರು ಏನು ಕೆಲಸ ಮಾಡಿದರು ಅಂತ ಕೇಳುತ್ತಾರೆ. ಒಂದು ದಿನ 1 ಗಂಟೆ ದುಡಿದಿದ್ದರೂ ಆ ವಾರದ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಏನಾಗುತ್ತದೆ ಗೊತ್ತಲ್ವಾ? ಅಮ್ಮ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿರುತ್ತಾರೆ, ಬೆರಳಲ್ಲಿ ಇನ್ನೂ ನೂಲು ಇರುತ್ತದೆ. ಮಗ ಪಕ್ಕದಲ್ಲೇ ನಿಂತು "ಅಮ್ಮನಿಗೆ ಕೆಲಸ ಇಲ್ಲ, ಸುಮ್ನೆ ಮನೇಲಿದ್ದಾರೆ" ಅನ್ನುತ್ತಾನೆ. ಕೇಳಿದರೆ ಹೊಟ್ಟೆ ಉರಿಯುತ್ತದೆ. ಕೂಲಿಗೆ ಅಡಿಕೆ ಸುಲಿಯುವ ಹೆಂಗಸರ ಕಥೆಯೂ ಇದೇ.

ಈ ಸರ್ವೆ 2017ರಲ್ಲಿ ಶುರುವಾದದ್ದು. 2025ರಿಂದ ತಿಂಗಳು ತಿಂಗಳೂ ಲೆಕ್ಕ ಬರುತ್ತಿದೆ. ಹೆಂಗಸರು ಎಷ್ಟು ಮಂದಿ ದುಡಿಯುತ್ತಾರೆ, ಯಾರಿಗೆ ಪಿಎಫ್ ಇಲ್ಲ ಅಂತ ಅರ್ಥಶಾಸ್ತ್ರಜ್ಞರು ಇದರಿಂದಲೇ ಲೆಕ್ಕ ಹಾಕುತ್ತಾರೆ. ಕಾರ್ಮಿಕರಿಗೆ ಯೋಜನೆ ಮಾಡುವವರ ಮೇಜಿಗೆ ಹೋಗುವುದೂ ಅದೇ ಅಂಕಿ. ಆಯ್ದ ಕೆಲವೇ ಮನೆಗಳಿಗೆ ಬರುವುದರಿಂದ, ನಿಮ್ಮ ಒಂದು ಉತ್ತರ ಎಷ್ಟೋ ಮನೆಗಳ ಪರವಾಗಿ ಹೋಗುತ್ತದೆ.

ಮಲಯಾಳದಲ್ಲಿ ಕೇಳಿದ್ದು ಅಜ್ಜಿಗೆ ತಿಳಿಯದಿದ್ದರೆ ಪಕ್ಕದಲ್ಲಿ ಕೂತು ಕನ್ನಡದಲ್ಲೋ ತುಳುವಿನಲ್ಲೋ ಹೇಳಿ. ಉತ್ತರ ಮಾತ್ರ ಅವರ ಬಾಯಿಂದಲೇ ಬರಲಿ.