ಬಿರುಕು ಕಂಡ ಕೂಡಲೇ ಗೆಲುವು ಅನ್ನಬೇಡ

ಪ್ರೀತಿಯ ತಮ್ಮ,

ಜಿಹಾದಿ ಗುಂಪುಗಳನ್ನು ಎದುರಿಸುವ ಬಗ್ಗೆ ನೀನು ಬರೆದ ಲೇಖನ ಓದಿದೆ. ತುಂಬಾ ಓದಿಕೊಂಡು ಬರೆದಿದ್ದೀಯ. ಆದರೆ ಅಲ್-ಕೈದಾ, ಐಸಿಸ್, ಈಜಿಪ್ಟಿನ ಹಳೆಯ ಜಿಹಾದಿ ಗುಂಪುಗಳು, ಎಲ್ಲವನ್ನೂ ಒಂದೇ ಮೂಟೆ ಕಟ್ಟಿದ್ದೀಯ. ಅವರವರ ಜಗಳ ಏನು ಅಂತ ತಿಳಿಯದೆ ಅವರನ್ನು ಎದುರಿಸುವ ದಾರಿ ಹೇಳೋಕಾಗಲ್ಲ.

ಯಾರನ್ನು ಕೊಲ್ಲಬಹುದು, ಯಾವ ಮುಸ್ಲಿಮನನ್ನು ಧರ್ಮದಿಂದ ಹೊರಗಿನವನು ಅಂತ ಸಾರಬಹುದು ಅನ್ನೋದೇ ಮುಖ್ಯ ಜಗಳ. ಹೀಗೆ ಸಾರುವುದಕ್ಕೆ ತಕ್ಫೀರ್ ಅನ್ನುತ್ತಾರೆ. ಇರಾಕಿನಲ್ಲಿ ಅಲ್-ಕೈದಾ ಶಾಖೆಯ ಮುಖ್ಯಸ್ಥನಾಗಿದ್ದ ಜರ್ಕಾವಿ ಶಿಯಾ ಜನರ ಮೇಲೆ ದಾಳಿ ಮಾಡಿಸುತ್ತಿದ್ದ. ಅಲ್-ಕೈದಾದಲ್ಲಿ ಬಿನ್ ಲಾದೆನ್ ನಂತರದ ನಾಯಕನಾಗಿದ್ದ ಜವಾಹಿರಿ ಅವನಿಗೆ ಬರೆದದ್ದು ಅಂತ ಅಮೆರಿಕ ಬಹಿರಂಗಪಡಿಸಿದ ಪತ್ರವೊಂದಿದೆ, 2005ರ ಜುಲೈನದು. ಸಾಮಾನ್ಯ ಮುಸ್ಲಿಮರಿಗೆ ಶಿಯಾಗಳ ಮೇಲಿನ ಈ ದಾಳಿ ಒಪ್ಪಿಗೆಯಾಗುವುದಿಲ್ಲ, ಒತ್ತೆಯಾಳುಗಳನ್ನು ಕೊಲ್ಲುವ ದೃಶ್ಯ ತೋರಿಸುವುದು ಬೇಡ ಅಂತ ಅದರಲ್ಲಿದೆ. ಇದನ್ನು ಓದಿ ಜವಾಹಿರಿ ಮೆತ್ತಗಿನವನು ಅಂತ ಬರೆದುಬಿಡಬೇಡ. ಕೊಲೆ ತಪ್ಪು ಅಂತ ಅವನು ಹೇಳಿಲ್ಲ. ಜನ ಕೈಬಿಡುತ್ತಾರೆ ಅನ್ನೋದು ಅವನ ಭಯ.

ಆ ಭಯ ಅದೇ ವರ್ಷ ನಿಜವಾಯಿತು. ನವೆಂಬರ್ 9ರಂದು ಜೋರ್ಡಾನಿನ ಅಮ್ಮಾನ್‌ನಲ್ಲಿ ಜರ್ಕಾವಿಯ ಕಡೆಯವರು ಮೂರು ಹೋಟೆಲ್‌ಗಳಲ್ಲಿ ಬಾಂಬ್ ಸಿಡಿಸಿದರು. ಒಂದು ಕಡೆ ಮದುವೆ ನಡೆಯುತ್ತಿತ್ತು. ವಧು-ವರರಿಬ್ಬರ ತಂದೆಯರೂ ಸತ್ತರು. ಜೋರ್ಡಾನಿನ ಜನ ಅವನ ವಿರುದ್ಧ ಬೀದಿಗಿಳಿದರು. ಜರ್ಕಾವಿ ಹುಟ್ಟಿದ್ದೂ ಜೋರ್ಡಾನಿನಲ್ಲೇ, ಅವನ ಸ್ವಂತ ಕುಲದವರೇ ಅವನಿಗೂ ನಮಗೂ ಸಂಬಂಧ ಇಲ್ಲ ಅಂದರು. ಯಾವ ಸರ್ಕಾರಿ ಭಾಷಣಕ್ಕೂ ಈ ಶಕ್ತಿ ಇಲ್ಲ. ನೀನು ಬರೆಯಬೇಕಾದ್ದು ಇಂಥದ್ದನ್ನು.

ಈಜಿಪ್ಟಿನ ಜಿಹಾದಿ ಗುಂಪಿನ ಹಳೆಯ ನಾಯಕ ಸಯ್ಯಿದ್ ಇಮಾಮ್ ಬಗ್ಗೆಯೂ ಬರೆ. ಅಲ್-ಕೈದಾ ತರಬೇತಿಗೆ ಅವನ ಪುಸ್ತಕವನ್ನೇ ಬಳಸುತ್ತಿತ್ತು. 2007ರಲ್ಲಿ ಅವನೇ ಈಜಿಪ್ಟಿನ ಜೈಲಿನಿಂದ ಆ ಹಿಂಸೆಯನ್ನು ಖಂಡಿಸಿದ. ಜವಾಹಿರಿ ಮರುವರ್ಷ ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಡಬೇಕಾಯಿತು, ಅಷ್ಟು ನಾಟಿತ್ತು. ಆದರೆ ಜೈಲಲ್ಲಿದ್ದಾಗ ಬರೆದದ್ದು ಅನ್ನೋದನ್ನು ಮುಚ್ಚಿಡಬೇಡ. ನೀನು ಮುಚ್ಚಿಟ್ಟರೆ, ಬಲವಂತದಿಂದ ಬರೆಸಿದ್ದು ಅಂತ ಅಲ್-ಕೈದಾ ಕಡೆಯವರು ಎತ್ತಿ ತೋರಿಸುತ್ತಾರೆ.

ಇನ್ನೊಂದು. ಅವರು ಒಡೆದರೆ ನಮಗೆ ಲಾಭ ಅಂತ ಬರೆದಿದ್ದೀಯ, ಅಲ್ವಾ? 2014ರ ಫೆಬ್ರವರಿಯಲ್ಲಿ ಅಲ್-ಕೈದಾ, ಜರ್ಕಾವಿಯ ಗುಂಪಿನಿಂದಲೇ ಬೆಳೆದ ಐಸಿಸ್ ಜೊತೆ ಸಂಬಂಧ ಕಡಿದುಕೊಂಡಿತು. ಜೂನ್‌ನಲ್ಲಿ ಐಸಿಸ್ ಇರಾಕಿನ ಮೋಸುಲ್ ನಗರ ಹಿಡಿದು ಖಿಲಾಫತ್, ಅಂದರೆ ಎಲ್ಲ ಮುಸ್ಲಿಮರ ಆಡಳಿತ ತನ್ನದು ಅಂತ ಸಾರಿತು. ಆಗಸ್ಟ್‌ನಲ್ಲಿ ಇರಾಕಿನ ಸಿಂಜಾರ್‌ನಲ್ಲಿರುವ ಯಜೀದಿ ಅನ್ನೋ ಅಲ್ಪಸಂಖ್ಯಾತ ಧರ್ಮದವರ ಮೇಲೆ ಬಿತ್ತು. ಒಡಕಿನಿಂದ ಆ ಜನರಿಗೆ ಏನೂ ಒಳ್ಳೆಯದಾಗಲಿಲ್ಲ. ಆ ಪ್ಯಾರಾ ತೆಗೆದುಹಾಕು. ಅಮ್ಮಾನ್‌ನಿಂದ ಶುರುಮಾಡಿ ಮತ್ತೆ ಬರೆದು ಕಳಿಸು.

ನಿನ್ನ ಅಣ್ಣ