ಹುರಿಹಿಟ್ಟಿಗೆ ಕೈಗೂಡಿಸಿದ ಎಲ್ಲರಿಗೂ

ಕಡಲೆಕಾಯಿ ಪರಿಷೆ ಮುಗಿಯುವ ಹೊತ್ತಿಗೆ ನಮ್ಮ ಮಳಿಗೆಯಲ್ಲಿದ್ದ ಹುರಿಹಿಟ್ಟೆಲ್ಲ ಖರ್ಚಾಗಿತ್ತು. ಅಕ್ಟೋಬರ್ 16ರ ವಿಶ್ವ ಆಹಾರ ದಿನದಂದು ಕಾಲೇಜಿನ ಅಂಗಳದಲ್ಲಿ ಆರಂಭಿಸಿದ, ರಾಗಿ ಹುರಿದು ಬೀಸಿ ಹಿಟ್ಟು ಮಾರುವ ಕೆಲಸ ಬಸವನಗುಡಿಯ ಈ ಜಾತ್ರೆಯಲ್ಲಿ ಕೊನೆಗೊಂಡಿತು. ಸೇರಿದ ಹಣ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಸಂದಾಯವಾಗಿದೆ. ರಸೀದಿ, ಖರ್ಚಿನ ಪಟ್ಟಿ ಎರಡೂ ಕಾಲೇಜಿನ ಸೂಚನಾ ಫಲಕದಲ್ಲಿವೆ, ಯಾರು ಬೇಕಾದರೂ ನೋಡಬಹುದು. ಇದಕ್ಕೆ ಕೈಗೂಡಿಸಿದವರಿಗೆಲ್ಲ ನಮ್ಮ ವಿದ್ಯಾರ್ಥಿ ಬಳಗದ ಪರವಾಗಿ, ಮುಂದೆ ನಿಂತು ಓಡಾಡಿದವಳು ನಾನಾದ್ದರಿಂದ ನನ್ನ ಪರವಾಗಿಯೂ, ಮನಸಾರೆ ನಮಸ್ಕಾರ.

ಮೊದಲ ನಮಸ್ಕಾರ ಹನುಮಂತನಗರದ ನಮ್ಮ ಪಕ್ಕದ ಮನೆಯ ಅಜ್ಜಿಗೆ. ರಾಗಿ ಹುರಿಯುವುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ರಾತ್ರಿ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಟ್ಟು, ಬೆಳಿಗ್ಗೆ ನೆರಳಿನಲ್ಲಿ ಆರಿಸಿ, ಕಾದ ಬಾಂಡಲೆಗೆ ಒಂದೊಂದೇ ಹಿಡಿ ಹಾಕಿ, ತುದಿಗೆ ಬಟ್ಟೆ ಸುತ್ತಿದ ಕೋಲಿನಿಂದ ಬಿಡದೆ ಆಡಿಸಬೇಕು. ಚಿಟಪಟ ಸದ್ದು ಏರಿ, ಕಂದು ಕಾಳು ಬೆಳ್ಳಗೆ ಅರಳುತ್ತದೆ. ಸದ್ದು ಇಳಿಯುವ ಮೊದಲೇ ತೆಗೆಯದಿದ್ದರೆ ಸೀದು ಹೋಗುತ್ತದೆ. ಎಂಬತ್ತು ದಾಟಿದ ಅಜ್ಜಿ ಕುರ್ಚಿ ಹಾಕಿಕೊಂಡು ಕುಳಿತು, ಕಿವಿಯಿಂದಲೇ ಪಾಕ ನೋಡಿ "ಈಗ ಇಳಿಸಿ" ಎನ್ನುತ್ತಿದ್ದರು. ಗಿರಣಿಯವರು ಖಾರದ ಪುಡಿಯ ಘಾಟು ತಗಲಬಾರದೆಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಮ್ಮದನ್ನು ಬೀಸಿಕೊಟ್ಟರು. ಯಶವಂತಪುರದ ಎಪಿಎಂಸಿ ವರ್ತಕರೊಬ್ಬರು ಅಸಲಿನ ಬೆಲೆಗೇ ರಾಗಿ ಕೊಟ್ಟರು.

ನಮ್ಮನ್ನು ಪ್ರಶ್ನಿಸಿದವರಿಗೂ ಅಷ್ಟೇ ಋಣಿಯಾಗಿದ್ದೇನೆ. ಹಣ ಸುಡಾನಿನ ಹಸಿದವರಿಗೆ ಎಂದಿದ್ದ ನಮ್ಮ ಚೀಟಿ ಓದಿ ಗವಿಪುರದ ಹಿರಿಯರೊಬ್ಬರು, "ನಮ್ಮೂರಿನಲ್ಲೇ ಹಸಿದವರಿರುವಾಗ ಸುಡಾನಿಗೆ ಯಾಕಮ್ಮ?" ಎಂದು ಕೇಳಿದರು. ನ್ಯಾಯವಾದ ಮಾತು. ಆ ವಾರವೇ ಮೆಟ್ರೊ ಕಾಮಗಾರಿಯ ಬಳಿಯ ಶೆಡ್‌ಗಳಿಗೆ ಹೋದೆವು. ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ಅಲ್ಲಿವೆ. ಅಂದಿನಿಂದ ಬೀಸಿದ ಹಿಟ್ಟಿನಲ್ಲಿ ಒಂದು ಪಾಲು ಅಲ್ಲಿನ ಮಕ್ಕಳಿಗೆ ಹೋಯಿತು, ಮಾರಿ ಬಂದ ಹಣ ಹೊರದೇಶದ ಹಸಿವಿಗೆ.

ಆ ಪ್ರಶ್ನೆಯ ಉಳಿದರ್ಧಕ್ಕೆ ಉತ್ತರ ಕೊಟ್ಟವರು ನಮ್ಮ ಇತಿಹಾಸದ ಮೇಷ್ಟ್ರು. 1876–78ರ ಧಾತು-ಈಶ್ವರ ಸಂವತ್ಸರಗಳ ಬರದ ಕಥೆಯನ್ನು ಅವರು ಒಂದು ಮಧ್ಯಾಹ್ನ ಪೂರ್ತಿ ಹೇಳಿದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವಿದ್ದ ಮೈಸೂರು ಸಂಸ್ಥಾನದ ಜನ 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದರು. ಆ ಕಾಲದಲ್ಲೂ ಭಾರತದ ಗೋಧಿ ಹಡಗು ಹತ್ತಿ ಹೊರಗೆ ಹೋಗುತ್ತಲೇ ಇತ್ತು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ತೆರೆದ ಮ್ಯಾನ್ಷನ್ ಹೌಸ್ ನಿಧಿಗೆ, ನಮ್ಮ ಊರುಗಳ ಹೆಸರನ್ನೂ ಕೇಳದ ಜನ ದಕ್ಷಿಣ ಭಾರತದ ಬರಕ್ಕೆಂದು ದುಡ್ಡು ಹಾಕಿದ್ದರು. ಇಂದು ಸುಡಾನಿನಲ್ಲೂ ಜನ ಹಸಿದಿರುವುದು ಜಗತ್ತಿನಲ್ಲಿ ಕಾಳಿಲ್ಲ ಎಂದಲ್ಲ. ಅಲ್ಲಿನ ಡಾರ್ಫರ್ ಪ್ರದೇಶದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ 2024ರ ಆಗಸ್ಟ್‌ನಲ್ಲಿ ಕ್ಷಾಮ ದೃಢಪಟ್ಟಿತು, ಯುದ್ಧ ದಾರಿಗಳನ್ನು ಮುಚ್ಚಿತ್ತು. ಆ ವರ್ಷ ಜಗತ್ತಿನಲ್ಲಿ ಹಸಿದವರು ಸುಮಾರು 67 ಕೋಟಿ ಎಂದು ವಿಶ್ವಸಂಸ್ಥೆಯ ಅಂದಾಜು. ವಿಶ್ವ ಆಹಾರ ಕಾರ್ಯಕ್ರಮ ನಡೆಯುವುದು ಸಂಪೂರ್ಣವಾಗಿ ಸ್ವಇಚ್ಛೆಯ ದೇಣಿಗೆಯಿಂದ. ಹಣ ಕಡಿಮೆಯಾದರೆ ಮೊದಲು ಕಡಿತವಾಗುವುದು ಪಡಿತರ. ನಮ್ಮದು ಸಣ್ಣ ಮೊತ್ತ, ಆದರೂ ಅದು ಯಾರದೋ ತಟ್ಟೆಯವರೆಗೆ ಹೋಗುತ್ತದೆ.

ಪರಿಷೆಯಲ್ಲಿ ನಮ್ಮ ಮಗ್ಗುಲಲ್ಲೇ ರಾಶಿ ಹಾಕಿಕೊಂಡಿದ್ದ ಚಿಂತಾಮಣಿ ಕಡೆಯ ತಾಯಿಯೊಬ್ಬರು ನಾವು ಅಂಟಿಸಿದ್ದ ಚಿತ್ರ ತೋರಿಸಿ ಏನೆಂದು ವಿಚಾರಿಸಿದರು. ತೀವ್ರ ಅಪೌಷ್ಟಿಕತೆಯಿಂದ ಸೊರಗಿದ ಮಕ್ಕಳಿಗೆ ಕೊಡುವ ಪೊಟ್ಟಣ ಅದು: 92 ಗ್ರಾಂ, 500 ಕಿಲೊಕ್ಯಾಲರಿ. ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳನ್ನು ಅರೆದು ಮಾಡಿದ್ದು. ಒಲೆ ಬೇಡ, ನೀರು ಬೆರೆಸಬೇಕಿಲ್ಲ, ತುದಿ ಹರಿದು ತಿನ್ನಿಸಿದರಾಯಿತು. ಕೊಳಕು ನೀರಿರುವ ಶಿಬಿರಗಳಲ್ಲಿ ಅದೇ ದೊಡ್ಡ ಅನುಕೂಲ. ಆ ತಾಯಿ ಎಲ್ಲ ಕೇಳಿಸಿಕೊಂಡು, "ಕಡಲೆಕಾಯಿಯಿಂದ ಮಗು ಉಳಿಯುತ್ತದೆಯೇನಮ್ಮ?" ಎಂದು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಸೇರು ತುಂಬಿ, ಮೇಲೊಂದು ಬೊಗಸೆ ಸುರಿದು, "ಇದನ್ನೂ ಮಾರಿ ಅದಕ್ಕೇ ಹಾಕಿ" ಎಂದರು. ಸಂಜೆಯವರೆಗೂ ತಮ್ಮಲ್ಲಿ ಬಂದ ಗಿರಾಕಿಗಳನ್ನೆಲ್ಲ ನಮ್ಮ ಕಡೆಗೂ ಕಳಿಸಿದರು. ಅವರ ಹೆಸರು ಕೇಳಿಕೊಳ್ಳಲು ಗದ್ದಲದಲ್ಲಿ ಆಗಲಿಲ್ಲ. ಈ ಬರಹ ಅವರ ಮನೆಯವರ ಕಣ್ಣಿಗೆ ಬಿದ್ದರೆ ದಯವಿಟ್ಟು ಅವರಿಗೆ ಓದಿ ಹೇಳಿ.

ಪರೀಕ್ಷೆ ಹತ್ತಿರವಿದ್ದರೂ ಮಳಿಗೆ ಬಿಡದ ಗೆಳೆಯ ಗೆಳತಿಯರೇ, ಗ್ಯಾಸ್ ಸಿಲಿಂಡರ್ ಕೊಟ್ಟ ಕ್ಯಾಂಟೀನಿನ ಅಣ್ಣಂದಿರೇ, ರಾತ್ರಿ ತಡವಾದರೂ ಗದರದೆ ಕಾದ ನಮ್ಮೆಲ್ಲರ ತಂದೆ ತಾಯಂದಿರೇ, ನಿಮಗೆ ತಲೆಬಾಗುತ್ತೇನೆ. ಎರವಲು ತಂದಿದ್ದ ಎರಡು ಬಾಂಡಲೆ, ಒಂದು ಜರಡಿ ಇನ್ನೂ ನಮ್ಮಲ್ಲೇ ಇವೆ. ಯಾರ ಮನೆಯದೆಂದು ತಿಳಿಸಿದರೆ ತೊಳೆದು ತಂದುಕೊಡುತ್ತೇವೆ.