ಲಸಾನ್ಯಾ ಸಪ್ಪೆ ಆಯ್ತಾ? ಸಾಸ್ ಇನ್ನೂ ಬೇಯ್ಲಿ ಬಿಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಬಂದ ಲಸಾನ್ಯಾ (ಪಾಸ್ತಾ ಹಾಳೆ, ಸಾಸ್, ಚೀಸ್ ಪದರ ಪದರವಾಗಿ ಇಟ್ಟು ಒವನಲ್ಲಿ ಬೇಯಿಸೋ ಇಟಲಿಯ ಅಡುಗೆ) ರೆಸಿಪಿ ಓದಿ ಬರೀತಾ ಇದ್ದೇನೆ, ಬೇಜಾರು ಮಾಡ್ಕೋಬೇಡಿ. ಅರ್ಧ ಕಪ್ ಕೆಚಪ್ ಹಾಕಿ ಸಾಸ್ 10 ನಿಮಿಷ ಕುದಿಸಿ, ಮೇಲಿಂದ ಕಾಲು ಕಿಲೋ ಚೀಸ್ ಸುರೀರಿ ಅಂತ ಉಂಟು. ನಾನೂ ಮೂರು ವರ್ಷದ ಹಿಂದೆ ಹೀಗೇ ಮಾಡಿದ್ದೆ ಮಾರಾಯ್ರೆ, ಮಗನ ಕಾಲೇಜು ಫ್ರೆಂಡ್ಸ್ ಮುಂಬೈ ಹತ್ರದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದಾಗ. ಕತ್ತರಿಸಿದ ಕೂಡ್ಲೇ ತಟ್ಟೆ ತುಂಬ ನೀರು, ಬಾಯಿಗಿಟ್ರೆ ಬರೀ ಮೈದಾ. ಮಕ್ಕಳು ಪಾಪ ಮರ್ಯಾದೆಗೆ ತಿಂದ್ರು, ನಮ್ಮನೆಯವ್ರು ಮಾತ್ರ ಏನೂ ಹೇಳದೆ ಎದ್ದು ಹೋಗಿ ಮಿಡಿ ಉಪ್ಪಿನಕಾಯಿ ಭರಣಿ ತಂದು ಟೇಬಲ್ ಮೇಲೆ ಇಟ್ರು.

ಆಮೇಲೆ ಎಷ್ಟು ಸಲ ಮಾಡಿ ಕೆಡಿಸಿದೆನೋ ಲೆಕ್ಕ ಇಲ್ಲ. ಈಗ ನನ್ನ ಅಭಿಪ್ರಾಯ ಏನಂದ್ರೆ ರುಚಿಯೆಲ್ಲ ಆ ಸಾಸಲ್ಲೇ ಇರೋದು, ಅದಕ್ಕೆ ಟೈಮ್ ಕೊಡದಿದ್ರೆ ಎಷ್ಟು ಚೀಸ್ ಹಾಕಿದ್ರೂ ದಂಡ. ಇಟಲಿಯ ಬೊಲೊನ್ಯಾದವರು ತಮ್ಮ ಮಾಂಸದ ಸಾಸಿನ ರೆಸಿಪಿಯನ್ನ 1982ರಲ್ಲಿ ಅಲ್ಲಿನ ಚೇಂಬರ್ ಆಫ್ ಕಾಮರ್ಸಲ್ಲಿ ದಾಖಲೆ ಮಾಡಿಸಿ ಇಟ್ಟಿದ್ದಾರೆ, ನಾವು ಜಾಗದ ಪತ್ರ ರಿಜಿಸ್ಟರ್ ಮಾಡಿಸಿದ ಹಾಗೆ! ಅದ್ರಲ್ಲಿ ನೀರುಳ್ಳಿ, ಕ್ಯಾರೆಟ್, ಸೆಲರಿ ದಂಟು, ವೈನ್, ಹಾಲು ಎಲ್ಲ ಉಂಟು, ಬೆಳ್ಳುಳ್ಳಿ ಒರೆಗಾನೊ ಹೆಸರೇ ಇಲ್ಲ.

ನಮ್ದು ಸಸ್ಯಾಹಾರಿ ಮನೆ, ಹಾಗಾಗಿ ಖೀಮಾ ಬದಲು ಅಣಬೆ. 400 ಗ್ರಾಂ ಬಟನ್ ಅಣಬೆಯನ್ನ ಸಣ್ಣಕೆ ಕೊಚ್ಚಿ ಬಾಣಲೆಗೆ ಹಾಕಿದ್ರೆ ಮೊದ್ಲು ಅದು ರಾಶಿ ನೀರು ಬಿಡ್ತದೆ, ಹೆದರಬೇಡಿ, ಆ ನೀರೆಲ್ಲ ಆರಿ ಅಣಬೆ ಚಟಪಟ ಅಂತ ಸದ್ದು ಮಾಡಿ ಕಂದು ಬಣ್ಣಕ್ಕೆ ತಿರುಗಿ ತಳ ಹಿಡೀಲಿಕ್ಕೆ ಶುರು ಮಾಡೋ ತನಕ ಕೈ ಬಿಡದೆ ಹುರೀಬೇಕು, ನಾನು ಮೊದಮೊದಲು ನೀರಿದ್ದಾಗಲೇ ಟೊಮೆಟೊ ಹಾಕಿಬಿಡ್ತಿದ್ದೆ, ತಟ್ಟೇಲಿ ನಿಂತದ್ದು ಅದೇ ನೀರು. ಅಣಬೆ ತೆಗೆದಿಟ್ಟು ಅದೇ ಬಾಣಲೇಲಿ ನೀರುಳ್ಳಿ, ಕ್ಯಾರೆಟ್, ಸೆಲರಿ (ನಮ್ಮ ಭಾಜಿವಾಲಾನ ಹತ್ರ ಸಿಗೋದಿಲ್ಲ, ಕ್ರಾಫರ್ಡ್ ಮಾರ್ಕೆಟ್ ಕಡೆ ಹೋದಾಗ ತರ್ತೇನೆ, ಇಲ್ಲದಿದ್ರೆ ಬಿಡ್ತೇನೆ) ಸಣ್ಣ ಉರೀಲಿ 15 ನಿಮಿಷ. ಆಮೇಲೆ ಎರಡು ಚಮಚ ಟೊಮೆಟೊ ಪೇಸ್ಟ್. ಗಸಿಗೆ ಮಸಾಲೆಯ ಹಸಿ ವಾಸನೆ ಹೋಗೋ ತನಕ ಹುರೀತೇವಲ್ಲ, ಹಾಗೇ ಅದು ಕಡು ಕೆಂಪಾಗಿ ಎಣ್ಣೆ ಬಿಡಬೇಕು. ಅಣಬೆ ವಾಪಸ್ ಹಾಕಿ, ಅರ್ಧ ಕಿಲೋ ಹಣ್ಣು ಟೊಮೆಟೊ ಸಿಪ್ಪೆ ತೆಗೆದು ಹಾಕಿ, ಕಾಲು ಕಪ್ ಹಾಲು, ಉಪ್ಪು. ಇನ್ನು ಒಂದೂವರೆ ಗಂಟೆ ಸಣ್ಣ ಉರೀಲಿ ಅದರಷ್ಟಕ್ಕೆ ಇರ್ಲಿ. ಗ್ಯಾಸ್ ಖರ್ಚು ಅಂತ ಅತ್ತೆ ಗೊಣಗ್ತಾರೆ, ಗೊಣಗ್ಲಿ.

ವೈಟ್ ಸಾಸಿಗೆ ಬೆಣ್ಣೆ 40 ಗ್ರಾಂ, ಮೈದಾ 40 ಗ್ರಾಂ, ಹಾಲು ಅರ್ಧ ಲೀಟರ್. ತವರುಮನೆ ಅಡಿಕೆ ತೋಟದ ಜಾಯಿಕಾಯಿ ಒಂದು ಡಬ್ಬೀಲಿ ಇಟ್ಟಿದ್ದೇನೆ, ಅದನ್ನ ಎರಡೇ ಉಜ್ಜು ಉಜ್ಜಿದ್ರೆ ಹಾಲಿನ ಸಪ್ಪೆತನ ಹೋಗ್ತದೆ, ಜಾಸ್ತಿ ಉಜ್ಜಿದ್ರೆ ಕಷಾಯದ ವಾಸನೆ. ಪಾಸ್ತಾ ಹಾಳೆ ಬೇಯಿಸೋ ನೀರಿಗೂ ಉಪ್ಪು ಹಾಕ್ಬೇಕು, ನಿಮ್ಮ ರೆಸಿಪಿಯಲ್ಲಿ ಉಪ್ಪಿನ ಮಾತೇ ಇಲ್ಲ.

ಚೀಸ್ ಬಗ್ಗೆ ಒಂದು. ಮೊಜಾರೆಲ್ಲಾ ಎಳೆ ಎಳೆ ಬರ್ಲಿಕ್ಕೆ ಚಂದ, ಆದ್ರೆ ಅದಕ್ಕೆ ಅಷ್ಟೊಂದು ರುಚಿ ಇಲ್ಲ, ಒಂದು ಹಿಡಿ ಪಾರ್ಮೆಸನ್ ಪ್ರತಿ ಪದರಕ್ಕೂ ಉದುರಿಸಿದ್ರೆ ವ್ಯತ್ಯಾಸ ಗೊತ್ತಾಗ್ತದೆ. ಇಟಲಿಯ ಅಸಲಿ ಪಾರ್ಮೆಸನ್, ಅಂದ್ರೆ ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿ ತಗೊಳ್ಳಿ. ನಂಗೆ ಇದು ಗೊತ್ತಾದದ್ದು ಅರ್ಧ ತುಂಡು ಮುಗಿದ ಮೇಲೆ, ಅತ್ತೆಗೆ ಇನ್ನೂ ಹೇಳಿಲ್ಲ.

ಒವನ್‌ನಿಂದ ತೆಗೆದು 20 ನಿಮಿಷ ಮುಟ್ಟಬೇಡಿ, ಆಮೇಲೆ ಕತ್ತರಿಸಿದ್ರೆ ಪದರ ಪದರವಾಗಿ ನಿಲ್ತದೆ. ಉಳಿದದ್ದನ್ನ ಮರುದಿನ ಪತ್ರೊಡೆ ಕಾಯಿಸಿದ ಹಾಗೆ ತವಾದ ಮೇಲೆ ಬೆಣ್ಣೆ ಹಾಕಿ ಕಾಯಿಸಿ, ನಮ್ಮನೇಲಿ ಜಗಳ ಅದಕ್ಕೇ.

ಇನ್ನೊಂದು, ಒವನ್ 18 ಡಿಗ್ರಿ ಅಂತ ಪ್ರಿಂಟ್ ಆಗಿದೆ. 180 ಆಗಬೇಕಿತ್ತು. ಡೊಂಬಿವಲೀಲಿ 18 ಡಿಗ್ರಿ ಬೇಕಂದ್ರೆ ಏಸಿ ಹಾಕ್ಬೇಕು, ದಯವಿಟ್ಟು ತಿದ್ದುಪಡಿ ಹಾಕಿ.

— ಓದುಗಳು, ಡೊಂಬಿವಲಿ ಪೂರ್ವ